ಮನೋರಂಜನಾ ಮಂದಿರವು ಕುಟುಂಬದ ಆಸರೆಯಾಗಲಿ
(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಕುಟುಂಬ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಉತ್ಸವದ ಸಂಭ್ರಮದ ನಡುವೆ ಒಂದು ಮಧ್ಯಾಹ್ನವನ್ನು ಕುಟುಂಬದ ವಿಚಾರಕ್ಕೆಂದು ಮೀಸಲಿಟ್ಟಿರುವುದು ಬಹು ಸಂತೋಷದ ಸಂಗತಿ. ನನಗೆ ವಹಿಸಿಕೊಟ್ಟಿರುವ ವಿಷಯ, ಊರಿನ ಮನೋರಂಜನಾ ಮಂದಿರವನ್ನು ಕುಟುಂಬಗಳಿಗೆ ಆಸರೆ ನೀಡುವ ಕೇಂದ್ರವನ್ನಾಗಿ ಮಾಡುವುದು ಹೇಗೆ ಎಂಬುದು. ಇದು ಕಟ್ಟಡದ ಮಾತಿನಂತೆ ಕೇಳಿಸುತ್ತದೆ. ಆದರೆ ಇದು ಮುಖ್ಯವಾಗಿ ಬೀಗದ ಕೈಯ ಮಾತು. ಮಂದಿರದ ಬೀಗವನ್ನು ಯಾವ ಹೊತ್ತಿನಲ್ಲಿ, ಯಾರಿಗಾಗಿ, ಯಾರು ತೆರೆಯುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಉಳಿದುದೆಲ್ಲವೂ ತಾನಾಗಿಯೇ ಒದಗಿಬರುತ್ತದೆ ಎಂಬುದು ನನ್ನ ನಂಬಿಕೆ. ಆ ಮೂರು ಪ್ರಶ್ನೆಗಳನ್ನೇ ತಮ್ಮ ಮುಂದಿಡುತ್ತೇನೆ.

ಮೊದಲು ಮಂದಿರದ ಇಂದಿನ ಸ್ಥಿತಿಯನ್ನು ನೋಡೋಣ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಯುವಕ ಸಂಘದ ಕೊಠಡಿಯೋ, ಸಮುದಾಯ ಭವನವೋ, ಗುಡಿಯ ಇಲ್ಲವೆ ದೇವಾಲಯದ ಪಕ್ಕದ ಸಭಾಂಗಣವೋ ಇದ್ದೇ ಇರುತ್ತದೆ. ಒಬ್ಬರು ಮರಳು ಹೊಡೆಸಿದರು, ಇನ್ನೊಬ್ಬರು ಹೆಂಚು ಕೊಡಿಸಿದರು, ಹೆಂಗಸರು ನೀರು ಹೊತ್ತರು, ಗಂಡಸರು ಭಾನುವಾರಗಳ ಬಿಡುವನ್ನು ಗಾರೆ ಕಲಸಲು ಕೊಟ್ಟರು. ಹೀಗೆ ಊರೆಲ್ಲ ಕೂಡಿ ಕಟ್ಟಿದ ಮನೆ ಅದು. ಈಗ ಅಲ್ಲಿ ಒಂದು ಕೇರಂ ಹಲಗೆ, ಒಂದು ದೂರದರ್ಶನ ಪೆಟ್ಟಿಗೆ, ನಾಲ್ಕು ಕುರ್ಚಿ, ಗೋಡೆಗೆ ಒರಗಿಸಿದ ವಾಲಿಬಾಲ್ ಬಲೆ. ಸಂಜೆ ಆರರಿಂದ ಎಂಟರವರೆಗೆ ಹತ್ತು ಹದಿನೈದು ಮಂದಿ ಯುವಕರು ಅಲ್ಲಿರುತ್ತಾರೆ. ದಿನದ ಉಳಿದ ಇಪ್ಪತ್ತೆರಡು ಗಂಟೆ ಬೀಗ. ಹೆಂಗಸರು ಮದುವೆಯ ದಿನ ಅಡಿಗೆಗೆಂದು ಒಳಗೆ ಬರುತ್ತಾರೆ. ಹಸುಗೂಸುಗಳು, ಮುದುಕರು, ಕೂಲಿಗೆ ಹೋಗುವ ತಾಯಂದಿರು ಅದರ ಹೊಸ್ತಿಲನ್ನು ತುಳಿಯುವುದೇ ಅಪರೂಪ. ಎಲ್ಲರೂ ಕೂಡಿ ಕಟ್ಟಿದ ಮನೆಯಲ್ಲಿ ಕೆಲವರು ಮಾತ್ರ, ಅದೂ ಎರಡು ಗಂಟೆಯ ಕಾಲ, ಕುಳಿತಿರುವರೆಂದರೆ ಆ ಮನೆಯು ತನ್ನ ಪೂರ್ಣ ಪ್ರಯೋಜನವನ್ನು ಇನ್ನೂ ಕೊಟ್ಟಿಲ್ಲವೆಂದೇ ಅರ್ಥ.

ಇನ್ನು ಕುಟುಂಬದ ಸ್ಥಿತಿ. ಒಡೆಯರಪಾಳ್ಯವೂ ಅದರ ಸುತ್ತಲಿನ ಹಳ್ಳಿಗಳೂ ಎಂತಹ ಸ್ಥಳದಲ್ಲಿವೆ ಎಂಬುದು ತಮಗೆ ತಿಳಿಯದ ವಿಷಯವೇನೂ ಅಲ್ಲ. ಕೊಳ್ಳೇಗಾಲದಿಂದ ಲೊಕ್ಕನಹಳ್ಳಿಯನ್ನು ದಾಟಿ ತಮಿಳುನಾಡಿನ ಹಾಸನೂರಿನ ಕಡೆಗೆ ಸಾಗುವ ಕಾಡುದಾರಿಯ ಊರು ಇದು. ಮಳೆಯನ್ನು ನಂಬಿದ ರಾಗಿ, ಮುಸುಕಿನ ಜೋಳದ ಬೇಸಾಯ. ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳು ಬೆಂಗಳೂರಿಗೋ, ಕೊಯಮತ್ತೂರು ತಿರುಪ್ಪೂರುಗಳ ಕಡೆಗೋ, ಕಲ್ಲು ಗಣಿಗಳಿಗೋ, ಕಾಫಿ ತೋಟಗಳಿಗೋ ಹೊರಡುತ್ತವೆ. ಮನೆಯಲ್ಲಿ ಅಜ್ಜಿ, ಮೊಮ್ಮಕ್ಕಳು ಉಳಿಯುತ್ತಾರೆ. ಅಜ್ಜಿಗೆ ಕಣ್ಣು ಮಂಜು. ಮೊಮ್ಮಗನಿಗೆ ಎಂಟನೆಯ ತರಗತಿಯ ಲೆಕ್ಕ ಹೇಳಿಕೊಡುವವರಿಲ್ಲ. ತಂದೆ ಹಣ ಕಳುಹಿಸಿದ ತಿಂಗಳು ಒಂದು ಬಗೆಯ ಚಿಂತೆ, ಕಳುಹಿಸದ ತಿಂಗಳು ಇನ್ನೊಂದು ಬಗೆಯ ಚಿಂತೆ. ದುಡಿದು ಬಂದವನು ದುಡಿಮೆಯನ್ನೆಲ್ಲ ಕುಡಿತಕ್ಕೆ ಸುರಿದರೆ ಹೆಂಡತಿ ಅದನ್ನು ಯಾರ ಬಳಿ ಹೇಳಿಕೊಳ್ಳಬೇಕು? ತಾಲ್ಲೂಕು ಕಚೇರಿ ಹನೂರಿನಲ್ಲಿ, ಜಿಲ್ಲಾ ಕಚೇರಿಗಳು ಚಾಮರಾಜನಗರದಲ್ಲಿ. ಒಂದು ಅರ್ಜಿ ಕೊಡಬೇಕಾದರೆ ಒಂದು ದಿನದ ಕೂಲಿ ಕೈಬಿಡಬೇಕು. ಕತ್ತಲಾದರೆ ಆನೆಯ ಭಯ, ಕೊನೆಯ ಬಸ್ಸಿನ ಧಾವಂತ.

ಹೀಗಿರುವಾಗ ಕಷ್ಟಕ್ಕೊಳಗಾದ ಕುಟುಂಬವು ಮೊದಲು ಎಲ್ಲಿಗೆ ಹೋಗುತ್ತದೆ? ನೆರೆಮನೆಗೆ, ಇಲ್ಲವೆ ಬಡ್ಡಿಗೆ ಹಣ ಕೊಡುವವನ ಮನೆಗೆ. ಕೆಲವರು ಪೂಜೆ ಮುಗಿದ ಮೇಲೆ ಗುರುಗಳ ಮನೆಯ ಮೆಟ್ಟಿಲ ಬಳಿ ಕಾಯುತ್ತಾರೆ. ಬಹುಮಂದಿ ಎಲ್ಲಿಗೂ ಹೋಗುವುದಿಲ್ಲ. ಮರ್ಯಾದೆಗೆ ಅಂಜಿ ಬಾಗಿಲು ಹಾಕಿಕೊಳ್ಳುತ್ತಾರೆ. ಊರಿನ ಇನ್ನೊಂದು ತುದಿಯಲ್ಲಿ ಮಂದಿರದ ಬಾಗಿಲೂ ಹಾಕಿಯೇ ಇರುತ್ತದೆ. ಹಾಕಿದ ಈ ಎರಡು ಬಾಗಿಲುಗಳ ನಡುವಣ ದಾರಿಯನ್ನು ತೆರೆಯುವುದೇ ನಮ್ಮ ಇಂದಿನ ವಿಚಾರ.

ಇಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತೊಂದಿದೆ. ಮಂದಿರವನ್ನು ಕುಟುಂಬದ ಕೇಂದ್ರವಾಗಿ ಮಾಡಬೇಕೆಂದೊಡನೆ ಕೆಲವರು ಕೇರಂ ಹಲಗೆಯನ್ನು ಹೊರಹಾಕಿ, ದೂರದರ್ಶನವನ್ನು ಮಾರಿ, ಬಾಗಿಲ ಮೇಲೆ "ಕುಟುಂಬ ಸಮಸ್ಯೆ ಪರಿಹಾರ ಕೇಂದ್ರ" ಎಂದು ಹಲಗೆ ಬರೆಸಲು ಹೊರಡುತ್ತಾರೆ. ದಯಮಾಡಿ ಹಾಗೆ ಮಾಡಬೇಡಿ. ಸಮಸ್ಯೆ ಎಂದು ಬರೆದಿರುವ ಬಾಗಿಲನ್ನು ಹಗಲು ಹೊತ್ತಿನಲ್ಲಿ, ಊರಿನ ನಾಲ್ಕು ಕಣ್ಣುಗಳ ಮುಂದೆ, ಯಾವ ಮಾನವಂತನೂ ದಾಟುವುದಿಲ್ಲ. ಆಟವಾಡಲು ಬಂದೆ, ಪತ್ರಿಕೆ ಓದಲು ಬಂದೆ, ಮಗುವನ್ನು ಬಿಡಲು ಬಂದೆ ಎಂಬ ನೆಪವಿದ್ದರೆ ಮನುಷ್ಯ ಧಾರಾಳವಾಗಿ ಬರುತ್ತಾನೆ. ಬಂದವನು ನಾಲ್ಕು ದಿನ ಕುಳಿತು, ಐದನೆಯ ದಿನ ತನ್ನ ಮನಸ್ಸಿನ ಭಾರವನ್ನು ಇಳಿಸುತ್ತಾನೆ. ಆಟವು ಈ ಮಂದಿರದ ಹೆಬ್ಬಾಗಿಲು. ಹೆಬ್ಬಾಗಿಲನ್ನು ಕಿತ್ತು ಮನೆಯನ್ನು ದೊಡ್ಡದು ಮಾಡಲಾಗುವುದಿಲ್ಲ. ಮನೋರಂಜನೆ ಇರಲಿ, ಅದರ ಹೆಸರೂ ಇರಲಿ. ಒಳಗಿನ ಹೊತ್ತು ಮಾತ್ರ ಹಂಚಿಕೆಯಾಗಲಿ.

ಇದು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ನೋಡಿ. ಬಹುಕಾಲ ಅವು ಬೆಳಿಗ್ಗೆ ನಾಲ್ಕಾರು ಗಂಡಸರು ಪತ್ರಿಕೆ ತಿರುವಿಹಾಕುವ ಕೊಠಡಿಗಳಾಗಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಮರುವರ್ಷ ಕೊರೋನಾ ಪಿಡುಗಿನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ನವೆಂಬರ್ ತಿಂಗಳಲ್ಲಿ "ಓದುವ ಬೆಳಕು" ಎಂಬ ಕಾರ್ಯಕ್ರಮ ಆರಂಭವಾಯಿತು. ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಟ್ಟರು, ಕಥೆ ಓದಿಸಿದರು, ಚಿತ್ರ ಬರೆಸಿದರು, ಚದುರಂಗ ಆಡಿಸಿದರು. ಕಟ್ಟಡ ಅದೇ, ಕಪಾಟು ಅದೇ. ಬದಲಾದದ್ದು ಒಳಗೆ ಬರುವವರು. ಇಂದು ಆ ಗ್ರಂಥಾಲಯಗಳು "ಅರಿವು ಕೇಂದ್ರ"ಗಳೆಂದು ಹೆಸರು ಪಡೆದಿವೆ. ಯಾರನ್ನು ಕರೆಯುತ್ತೇವೆಯೋ ಅದರಿಂದ ಮನೆಯ ಸ್ವರೂಪ ಬದಲಾಗುತ್ತದೆ ಎಂಬುದು ಇದರಿಂದ ನಾವು ಕಲಿಯಬೇಕಾದ ಪಾಠ.

ಎರಡನೆಯ ನಿದರ್ಶನ "ಕೂಸಿನ ಮನೆ". ಮಕ್ಕಳ ಪಾಲನೆಯ ವಿಷಯದಲ್ಲಿ ನಮ್ಮ ಈ ಭಾಗಕ್ಕೆ ಒಂದು ಹಿರಿಮೆಯಿದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊಟ್ಟಮೊದಲು ಕಾಲಿಟ್ಟದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿಂದ ಅಂಗನವಾಡಿಗಳು ನಾಡಿನಾದ್ಯಂತ ಹಬ್ಬಿದವು. ಆದರೆ ಅಂಗನವಾಡಿಯ ಆಟಪಾಠ ಇರುವುದು ಮೂರು ತುಂಬಿದ ಮಕ್ಕಳಿಗೆ. ಅದಕ್ಕಿಂತ ಚಿಕ್ಕ ಕೂಸಿಗೆ ಆಹಾರ ದೊರೆತರೂ ತಾಯಿ ಕೆಲಸಕ್ಕೆ ಹೋದಾಗ ಎತ್ತಿಕೊಳ್ಳುವ ಕೈ ದೊರೆಯುತ್ತಿರಲಿಲ್ಲ. ಈ ಕೊರತೆಯನ್ನು ತುಂಬಲು ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ ಕೂಸಿನ ಮನೆಗಳನ್ನು ತೆರೆಯುವುದಾಗಿ ಘೋಷಿಸಿತು. ಉದ್ಯೋಗ ಖಾತರಿ ಕೆಲಸಕ್ಕೂ ಇತರ ಕೂಲಿಗೂ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಕೂಸುಗಳಿಗಾಗಿ ಇವು ಹುಟ್ಟಿದವು. ಗಮನಿಸಬೇಕಾದ ಅಂಶವೆಂದರೆ ಎಲ್ಲೆಡೆಯೂ ಹೊಸ ಕಟ್ಟಡ ಕಟ್ಟುತ್ತ ಕೂರದೆ, ಬಳಕೆ ತಪ್ಪಿದ್ದ ಸಾರ್ವಜನಿಕ ಕಟ್ಟಡಗಳನ್ನೇ ದುರಸ್ತಿಪಡಿಸಿ, ಸುಣ್ಣಬಣ್ಣ ಬಳಿದು, ತೊಟ್ಟಿಲು ಕಟ್ಟಿ ಆರಂಭಿಸಿದರು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಪಾಲಕಿಯರನ್ನಾಗಿ ನೇಮಿಸಿದರು.

ಆದರೆ ಇದರಲ್ಲಿ ಒಂದು ಎಚ್ಚರಿಕೆಯ ಮಾತೂ ಅಡಗಿದೆ. ಉದ್ಯೋಗ ಖಾತರಿ ಯೋಜನೆಯಡಿ ಕೂಲಿ ಪಡೆದ ಪಾಲಕಿಯ ಕೆಲಸಕ್ಕೆ ವರ್ಷದಲ್ಲಿ ನೂರು ದಿನದ ಮಿತಿಯಿತ್ತು. ನೂರು ದಿನ ತುಂಬಿದೊಡನೆ ಆಕೆ ಸರಿದು ಮತ್ತೊಬ್ಬಳು ಬರಬೇಕು. ಲೆಕ್ಕಕ್ಕೆ ಇದು ಸರಿ. ಕೂಸಿಗೆ ಮಾತ್ರ ಲೆಕ್ಕ ತಿಳಿಯುವುದಿಲ್ಲ, ಅದಕ್ಕೆ ತಿಳಿಯುವುದು ಮುಖ. ಪರಿಚಯದ ಮುಖ ಮತ್ತೆ ಮತ್ತೆ ಬದಲಾದರೆ ಅದು ಅಳುತ್ತದೆ, ತಾಯಿ ಅಂಜಿ ಮನೆಯಲ್ಲಿಯೇ ಉಳಿಯುತ್ತಾಳೆ. ಆದುದರಿಂದ ಕಟ್ಟಡಕ್ಕೆ ಖರ್ಚುಮಾಡುವ ಮೊದಲು ಅದರೊಳಗೆ ನಿತ್ಯ ಇರುವ ಒಬ್ಬರ ಸಂಬಳಕ್ಕೆ ದಾರಿಮಾಡಬೇಕು.

ಮೂರನೆಯ ನಿದರ್ಶನವು ನಮ್ಮ ಮಗ್ಗುಲಲ್ಲಿಯೇ ಇದೆ. ಟಿಬೆಟಿನಿಂದ ನಿರಾಶ್ರಿತರಾಗಿ ಬಂದ ಜನರಿಗೆ 1973-74ರಲ್ಲಿ ಒಡೆಯರಪಾಳ್ಯದ ಬಳಿ ಧೋಂಡೆನ್‌ಲಿಂಗ್ ನೆಲೆ ಏರ್ಪಟ್ಟಿತು. ಮನೆ ಮತ್ತು ಹೊಲದ ಜೊತೆಯಲ್ಲಿಯೇ ಅವರು ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳನ್ನು ರೂಪಿಸಿಕೊಂಡರು. ಚಳಿಗಾಲದಲ್ಲಿ ಉಣ್ಣೆಯ ಅಂಗಿಗಳನ್ನು ಮಾರಲು ದೂರದ ನಗರಗಳಿಗೆ ಹೋಗುವುದು ಅವರ ರೂಢಿ. ದುಡಿಯುವವರು ತಿಂಗಳುಗಟ್ಟಲೆ ಊರಿನಲ್ಲಿರುವುದಿಲ್ಲವೆಂಬ ಅರಿವು ಅವರಿಗಿತ್ತು. ಮಕ್ಕಳ ಹಾಗೂ ವೃದ್ಧರ ಪಾಲನೆಯು ಒಂದೊಂದು ಮನೆಯ ಹೊರೆಯಷ್ಟೇ ಆಗದೆ ಇಡೀ ನೆಲೆಯ ಹೊಣೆಯೂ ಆಯಿತು. ನಮ್ಮವರೂ ಇಂದು ಹಾಗೆಯೇ ದುಡಿಯಲು ಹೋಗುತ್ತಿರುವರಾದರೂ, ಉಳಿದವರ ಹೊಣೆಯನ್ನು ಊರು ಇನ್ನೂ ಹೊತ್ತುಕೊಂಡಿಲ್ಲ.

ಟಿಬೆಟನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆಯ ಅನುಭವವನ್ನೂ ಇಲ್ಲಿ ನೆನೆಯಬೇಕು. 1984-85ರ ಸುಮಾರಿಗೆ ಆ ಸಂಸ್ಥೆಯು ಹಳ್ಳಿಗಳಲ್ಲಿ ಕಟ್ಟಿದ್ದ ಕೆಲವು ದೊಡ್ಡ ಸಹಕಾರ ಸಂಘಗಳು, ನಾಯಕರ ಮೇಲೆ ಸದಸ್ಯರಿಗೆ ನಂಬಿಕೆ ಹೋದುದರಿಂದ ಒಡೆದುಹೋದವು. ಆಗ ಸದಸ್ಯರೇ ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ದೊಡ್ಡ ಸಂಘದಲ್ಲಿ ತಮಗೆ ವಿಶ್ವಾಸವಿಲ್ಲ, ಆದರೆ ತಮ್ಮ ತಮ್ಮಲ್ಲಿ ವಿಶ್ವಾಸವಿದೆ, ಸಾಲವನ್ನು ಈ ಗುಂಪಿಗೇ ತೀರಿಸುತ್ತೇವೆ ಎಂಬ ಅಭಿಪ್ರಾಯವನ್ನು ಮುಂದಿಟ್ಟರು. ಆ ಚಿಕ್ಕ ಗುಂಪುಗಳಿಂದಲೇ ಸ್ವಸಹಾಯ ಸಂಘದ ಮಾರ್ಗ ಬೆಳೆಯಿತು. 1992ರಲ್ಲಿ ನಬಾರ್ಡ್ ಬ್ಯಾಂಕು ಇಂತಹ ಸಂಘಗಳಿಗೆ ಬ್ಯಾಂಕು ಸಾಲವನ್ನು ಜೋಡಿಸುವ ಯೋಜನೆಯನ್ನು ಆರಂಭಿಸಿತು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರುವ ಹದಿನೈದು ಇಪ್ಪತ್ತು ಮಂದಿ ಸೇರಿದರೆ ದೊಡ್ಡ ಸಂಘಕ್ಕೆ ಸಾಧ್ಯವಾಗದ್ದು ಸಾಧ್ಯವಾಗುತ್ತದೆ. ನಮ್ಮ ಮಂದಿರದಲ್ಲಿಯೂ ಇಡೀ ಊರನ್ನು ಒಂದೇ ದಿನ ಸೇರಿಸುವ ಹಂಬಲ ಬೇಡ.

ಹೊರನಾಡಿನ ಒಂದು ಉದಾಹರಣೆಯನ್ನೂ ಹೇಳಿ ಮುಂದೆ ಸಾಗುತ್ತೇನೆ. ಕುಟುಂಬಕ್ಕೆ ಬೇಕಾದುದನ್ನೆಲ್ಲ ಒಂದೇ ಸೂರಿನಡಿ ತಂದರೆ ಏನಾಗುತ್ತದೆ ಎಂಬುದನ್ನು ಸರ್ಕಾರದ ಹಣದಿಂದ ದೊಡ್ಡ ಪ್ರಮಾಣದಲ್ಲಿ ಮಾಡಿನೋಡಿದ ದೇಶ ಇಂಗ್ಲೆಂಡ್. ಅಲ್ಲಿ 1999ರಿಂದ "ಶೂರ್ ಸ್ಟಾರ್ಟ್" ಎಂಬ ಕೇಂದ್ರಗಳನ್ನು ಮೊದಲು ಬಡವರ ಬಡಾವಣೆಗಳಲ್ಲಿ ತೆರೆದರು. ದಾದಿಯ ಸಲಹೆ, ಮಕ್ಕಳ ಆಟ, ತಂದೆತಾಯಿಗಳಿಗೆ ಮಾರ್ಗದರ್ಶನ, ಉದ್ಯೋಗದ ಮಾಹಿತಿ ಎಲ್ಲವೂ ಒಂದೇ ಕಡೆ. ಮುಂದೆ ಆ ಕೇಂದ್ರಗಳ ಸಂಖ್ಯೆ ಮೂರು ಸಾವಿರವನ್ನು ಮೀರಿತು. 2010ರ ನಂತರ ಅನುದಾನ ಕಡಿತವಾಗಿ ಬಹಳಷ್ಟು ಮುಚ್ಚಿಹೋದವು. ಅವು ಮುಚ್ಚಿದ ಎಷ್ಟೋ ವರ್ಷಗಳ ಮೇಲೆ, 2024ರಲ್ಲಿ ಅಲ್ಲಿನ ಅರ್ಥಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನವು, ಎಳವೆಯಲ್ಲಿ ಅಂತಹ ಕೇಂದ್ರದ ಸಮೀಪ ಬೆಳೆದ ಮಕ್ಕಳು ಹದಿನಾರನೆಯ ವಯಸ್ಸಿನ ಪರೀಕ್ಷೆಯಲ್ಲಿ ಇತರರಿಗಿಂತ ಉತ್ತಮವಾಗಿ ತೇರ್ಗಡೆಯಾದರೆಂದೂ, ಹೆಚ್ಚಿನ ಲಾಭ ಬಡ ಮಕ್ಕಳಿಗೇ ಆಯಿತೆಂದೂ ತೋರಿಸಿತು. ಫಲ ಕಾಣುವಷ್ಟರಲ್ಲಿ ಮರವನ್ನೇ ಕಡಿದಿದ್ದರು! ಕುಟುಂಬಕ್ಕೆ ಮಾಡುವ ಸೇವೆಯ ಫಲ ನಿಧಾನ. ಅದನ್ನು ಹೊರಗಿನ ಅನುದಾನವೊಂದನ್ನೇ ನಂಬಿ ನಡೆಸಬಾರದು, ಫಲ ಕಾಣಲಿಲ್ಲವೆಂದು ನಡುವೆ ಕೈಬಿಡಲೂಬಾರದು.

ಈಗ ನಮ್ಮ ಮೂರು ಪ್ರಶ್ನೆಗಳಿಗೆ ಬರೋಣ. ಬೀಗ ಯಾವ ಹೊತ್ತಿನಲ್ಲಿ ತೆರೆಯಬೇಕು?

ಕುಟುಂಬಕ್ಕೆ ಕಷ್ಟವಾಗುವ ಹೊತ್ತಿನಲ್ಲಿ. ಬೆಳಿಗ್ಗೆ ತಾಯಂದಿರು ಕೆಲಸಕ್ಕೆ ಹೊರಡುವಾಗ ಕೂಸುಗಳಿಗಾಗಿ ತೆರೆಯಲಿ. ಪಂಚಾಯತಿಯ ಕೂಸಿನ ಮನೆ ಊರಿನಲ್ಲಿಯೇ ಇದ್ದರೆ ಈ ಹೊತ್ತನ್ನು ವೃದ್ಧರಿಗೆ ಕೊಡಬಹುದು. ಅವರು ಪತ್ರಿಕೆ ಓದಿಸಿಕೊಳ್ಳಲಿ, ಪಗಡೆಯಾಡಲಿ, ತಿಂಗಳಿಗೊಮ್ಮೆ ರಕ್ತದೊತ್ತಡ ಸಕ್ಕರೆ ಕಾಯಿಲೆಗಳ ತಪಾಸಣೆಯಾಗಲಿ. ಮಧ್ಯಾಹ್ನ ಮಹಿಳೆಯರ ಸಂಘ ಕೂಡಲಿ. ನಾಲ್ಕರಿಂದ ಆರರವರೆಗೆ ಶಾಲೆ ಬಿಟ್ಟು ಬಂದ ಮಕ್ಕಳು ಪಾಠ ಓದಿಕೊಳ್ಳಲಿ. ಊರಿನಲ್ಲಿ ಕಾಲೇಜು ಓದಿದ ಯುವಕ ಯುವತಿಯರಿದ್ದಾರೆ, ಒಬ್ಬೊಬ್ಬರು ವಾರಕ್ಕೆ ಒಂದು ಸಂಜೆ ಕೊಟ್ಟರೆ ಸಾಕು. ಆರರ ಮೇಲೆ ಎಂದಿನಂತೆ ಕೇರಂ, ವಾಲಿಬಾಲ್ ನಡೆಯಲಿ. ವಾರಕ್ಕೊಂದು ಸಂಜೆ ಮಾತ್ರ, ಆಟದ ಪಕ್ಕದಲ್ಲಿಯೇ ಒಂದು ಮೇಜು ಹಾಕಿ ಅರ್ಜಿ ಬರೆದುಕೊಡುವ ಕೆಲಸ ನಡೆಯಲಿ. ಪಡಿತರ ಚೀಟಿ, ವಿಧವಾ ವೇತನ, ವೃದ್ಧಾಪ್ಯ ವೇತನ, ವಿದ್ಯಾರ್ಥಿ ವೇತನ, ಆಧಾರ್ ತಿದ್ದುಪಡಿ ಇವುಗಳಿಗಾಗಿ ಜನರು ಪಡುವ ಅಲೆದಾಟ ತಮಗೆ ಗೊತ್ತಿದೆ. ಮನೆಯ ಗುಟ್ಟು ಹೇಳಲು ಅಂಜುವವರು ಸಹ ಅರ್ಜಿ ಬರೆಸಲು ಅಂಜುವುದಿಲ್ಲ. ಅರ್ಜಿಯನ್ನು ಬರೆಸಲು ಬಂದವಳು ಹೊರಡುವ ಮುನ್ನ, "ಇನ್ನೊಂದು ಮಾತಿತ್ತು" ಎಂದು ನಿಲ್ಲುತ್ತಾಳೆ. ಆ ಇನ್ನೊಂದು ಮಾತನ್ನು ಕೇಳಲೆಂದೇ ಕೇಂದ್ರವಿರುವುದು.

ಯಾರಿಗಾಗಿ ತೆರೆಯಬೇಕು? ಊರಿನ ಎಲ್ಲರಿಗಾಗಿ. ಕಷ್ಟಕ್ಕೆ ಜಾತಿ ಮತಗಳಿಲ್ಲ, ಕನ್ನಡ ತಮಿಳೆಂಬ ಭೇದವೂ ಇಲ್ಲ. ಸೋಲಿಗರ ಪೋಡಿನಿಂದ ಬಂದ ತಾಯಿಯೂ ನೆರೆಬೀದಿಯ ತಾಯಿಯೂ ಒಂದೇ ಚಾಪೆಯ ಮೇಲೆ ಕುಳಿತುಕೊಳ್ಳುವಂತಿರಬೇಕು. ಸಹಾಯ ಪಡೆಯಲು ಬಂದವರ ಧರ್ಮವನ್ನು ಕೇಳುವ ಪದ್ಧತಿ ಇರಲೇಬಾರದು. ಅಂತೆಯೇ ಗಂಡಸರನ್ನು ಮರೆಯಬಾರದು. ಕುಟುಂಬ ಎಂದೊಡನೆ ತಾಯಿ ಮಕ್ಕಳೆಂದಷ್ಟೇ ಎಣಿಸುವ ವಾಡಿಕೆಯಿದೆ. ಕೆಲಸ ಕಳೆದುಕೊಂಡು ಮೂಲೆಯಲ್ಲಿ ಕುಳಿತ ತಂದೆ, ಕುಡಿತವನ್ನು ಬಿಡಬೇಕೆಂದಿದ್ದೂ ಬಿಡಲಾರದವನು, ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗ, ಇವರೂ ಕುಟುಂಬವೇ. ಕೇರಂ ಹಲಗೆಯ ಸುತ್ತ ಕುಳಿತಿರುವವರಲ್ಲಿ ಇವರು ಇದ್ದಾರೆ. ಆ ಹಲಗೆಯನ್ನು ಉಳಿಸಿರೆಂದು ನಾನು ಬೇಡಿಕೊಂಡ ಕಾರಣ ಇದೇ.

ಯಾರು ತೆರೆಯಬೇಕು? ಇದು ಅತ್ಯಂತ ಮುಖ್ಯವಾದ ಪ್ರಶ್ನೆ. ಬೀಗದ ಕೈ ಒಬ್ಬ ಪದಾಧಿಕಾರಿಯ ಜೇಬಿನಲ್ಲಿದ್ದರೆ ಆತ ಊರಿಗೆ ಹೋದ ದಿನ ಕೇಂದ್ರವೂ ಊರಿಗೆ ಹೋಗುತ್ತದೆ. ಆದುದರಿಂದ ಸಂಬಳ ಪಡೆಯುವ ಒಬ್ಬ ಕಾರ್ಯಕರ್ತೆ ಬೇಕು. ಅವಳಿಗೆ ದೊಡ್ಡ ಪದವಿ ಬೇಡ. ಓದು ಬರಹ, ತಾಳ್ಮೆ, ಕೇಳಿದ್ದನ್ನು ಬಾಯಿಬಿಡದ ಗುಣ, ಈ ಮೂರು ಸಾಕು. ಅವಳ ಜೊತೆಗೆ ಒಂದು ಚಿಕ್ಕ ಸಮಿತಿ, ಅದರಲ್ಲಿ ಅರ್ಧದಷ್ಟು ಹೆಂಗಸರು, ಒಂದಿಬ್ಬರು ಯುವಕರು. ಮಂದಿರದ ಒಂದು ಮೂಲೆಯನ್ನು ಗೋಡೆ ಹಾಕಿ ಪ್ರತ್ಯೇಕಿಸಿ, ಬಾಗಿಲಿರುವ ಒಂದು ಪುಟ್ಟ ಕೋಣೆ ಮಾಡಿಕೊಳ್ಳಬೇಕು. ಇಬ್ಬರು ಕುಳಿತು ಮಾತನಾಡಲು ಅಷ್ಟು ಸ್ಥಳ ಸಾಕು. ಹೆಂಗಸರಿಗೆ ಶುಚಿಯಾದ ಒಂದು ಶೌಚಾಲಯ, ಕುಡಿಯುವ ನೀರು, ಒಂದು ದೀಪ. ಇವಿಲ್ಲದಿದ್ದರೆ ಎಷ್ಟು ಕರೆದರೂ ಯಾವ ತಾಯಿಯೂ ಬರುವುದಿಲ್ಲ.

ಇನ್ನು ಕೆಲವು ಕಟ್ಟಳೆಗಳು. ಕೇಂದ್ರವು ನ್ಯಾಯ ತೀರಿಸುವ ಕಟ್ಟೆಯಾಗಬಾರದು. ಗಂಡ ಹೆಂಡಿರನ್ನು ಹತ್ತು ಜನರ ಮುಂದೆ ನಿಲ್ಲಿಸಿ ಬುದ್ಧಿ ಹೇಳಿದರೆ, ಅವರು ಆ ದಿನ ತಲೆಯಾಡಿಸಿ ಮರುದಿನದಿಂದ ಬಾಗಿಲು ಹಾಕಿಕೊಳ್ಳುತ್ತಾರೆ. ಕೇಳಿದ ಗುಟ್ಟು ಗುಟ್ಟಾಗಿಯೇ ಉಳಿಯಬೇಕು. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದುಬಂದರೆ ಅಲ್ಲಿ ಗುಟ್ಟಿಗೆ ಸ್ಥಳವಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮನೆತನದ ಮಾನ, ಊರಿನ ಮಾನ ಎಂಬ ಮಾತುಗಳು ಮಗುವಿನ ಮಾನಕ್ಕಿಂತ ದೊಡ್ಡವಲ್ಲ. ಮಕ್ಕಳಿರುವ ಹೊತ್ತಿನಲ್ಲಿ ಯಾವಾಗಲೂ ಇಬ್ಬರು ದೊಡ್ಡವರು ಒಟ್ಟಿಗಿರುವುದು ಕಡ್ಡಾಯವಾಗಿರಲಿ.

ತನ್ನ ಮಿತಿಯನ್ನು ತಿಳಿದಿರುವುದೂ ಕೇಂದ್ರದ ಧರ್ಮ. ಅದು ಆಸ್ಪತ್ರೆಯಲ್ಲ, ನ್ಯಾಯಾಲಯವೂ ಅಲ್ಲ. ಸರಿಯಾದ ಸ್ಥಳಕ್ಕೆ ಕೈಹಿಡಿದು ಕರೆದೊಯ್ಯುವ ಮನೆ ಅದು. ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೆಲವು ಸಂಖ್ಯೆಗಳನ್ನು ಬರೆಸಿಡಿ. ಸಂಕಟದಲ್ಲಿರುವ ಮಕ್ಕಳಿಗೆ 1098, ಮಹಿಳೆಯರಿಗೆ 181, ಹಿರಿಯ ನಾಗರಿಕರಿಗೆ 14567, ಮನಸ್ಸಿನ ವ್ಯಥೆಗೆ 14416. ಈ ಕೊನೆಯದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ. ಕರೆಗೆ ಹಣವಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯಂತೆ, ಆದಾಯ ಎಷ್ಟೇ ಇರಲಿ, ಯಾವ ಹೆಂಗಸಿಗಾದರೂ ಉಚಿತವಾಗಿ ವಕೀಲರ ನೆರವು ದೊರೆಯಬೇಕು. 2005ರ ಕಾಯಿದೆಯು ಮನೆಯೊಳಗಿನ ಹಿಂಸೆಯಿಂದ ಆಕೆಗೆ ರಕ್ಷಣೆಯನ್ನೂ, ಮನೆಯಲ್ಲಿ ವಾಸಿಸುವ ಹಕ್ಕನ್ನೂ ಕೊಟ್ಟಿದೆ. ಮಕ್ಕಳು ಕೈಬಿಟ್ಟ ತಂದೆತಾಯಿಗಳು 2007ರ ಕಾಯಿದೆಯ ಪ್ರಕಾರ ಜೀವನಾಂಶ ಕೇಳಬಹುದು. ಕಾನೂನುಗಳು ಪುಸ್ತಕದಲ್ಲಿ ನಿದ್ದೆ ಮಾಡುತ್ತಿರುತ್ತವೆ, ತಿಳಿಸಿ ಹೇಳುವ ಒಬ್ಬ ನೆರೆಯವಳಿದ್ದರೆ ಅವು ಎದ್ದು ಕೂರುತ್ತವೆ.

ಈ ಪ್ರಸ್ತಾಪಕ್ಕೆ ಬರಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮನೆಯ ಮಾತು ಮನೆಯಲ್ಲಿಯೇ ಇರಬೇಕು, ಇದೇನು ಹೊಸ ಪದ್ಧತಿ ಎಂದು ಹಿರಿಯರು ಕೇಳಬಹುದು. ನಿಜ. ಮನೆ ಕೂಡುಕುಟುಂಬವಾಗಿದ್ದಾಗ ಅಲ್ಲಿಯೇ ಅತ್ತೆ, ಅಜ್ಜ, ಸೋದರಮಾವ ಎಂದು ಕೇಳುವ ಕಿವಿಗಳಿದ್ದವು. ಈಗ ಅವರೆಲ್ಲ ಮೂರು ಊರುಗಳಲ್ಲಿ ಹಂಚಿಹೋಗಿದ್ದಾರೆ. ಮನೆ ಚಿಕ್ಕದಾದಾಗ ಊರು ದೊಡ್ಡ ಮನೆಯಾಗಬೇಕಲ್ಲವೇ? ನಮ್ಮ ಆಟದ ಹೊತ್ತನ್ನು ಕಸಿದುಕೊಳ್ಳುವಿರಾ ಎಂದು ಯುವಕರು ಕೇಳಬಹುದು. ನಿಮ್ಮ ಎರಡು ಗಂಟೆಗಳನ್ನು ಯಾರೂ ಮುಟ್ಟುವುದಿಲ್ಲ. ಬೀಗ ಬಿದ್ದಿದ್ದ ಹೊತ್ತನ್ನು ಮಾತ್ರ ಕೇಳುತ್ತಿದ್ದೇವೆ. ಸರ್ಕಾರವೇ ಇದನ್ನೆಲ್ಲ ಮಾಡುತ್ತಿರುವಾಗ ನಮಗೇಕೆ ಎಂಬುದು ಮತ್ತೊಂದು ಆಕ್ಷೇಪಣೆ. ಸರ್ಕಾರ ಯೋಜನೆ ಮಾಡಬಲ್ಲದು, ಸಂಖ್ಯೆ ಕೊಡಬಲ್ಲದು. ಮೂರು ದಿನದಿಂದ ಶಾಲೆಗೆ ಬಾರದ ಹುಡುಗಿಯ ಮನೆಗೆ ಹೋಗಿ "ಏಕಮ್ಮಾ ಬರಲಿಲ್ಲ" ಎಂದು ಕೇಳುವುದು ನೆರೆಹೊರೆಯವರ ಕೆಲಸ.

ಕೊನೆಯ ಆಕ್ಷೇಪಣೆ ಹಣದ್ದು. ಇದಕ್ಕೆ ನಾನು ನೇರವಾಗಿಯೇ ಮಾತನಾಡಬೇಕು. ಶತಮಾನೋತ್ಸವವೆಂದರೆ ನೆನಪಿಗೊಂದು ಕಮಾನು, ಒಂದು ಕಲ್ಲು, ಒಂದು ಹೊಸ ದ್ವಾರ ಕಟ್ಟಿಸುವುದು ಎಲ್ಲೆಲ್ಲಿಯೂ ರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಕಮಾನಿಗೆ ತಗಲುವ ಹಣದಲ್ಲಿ ಒಬ್ಬ ಕಾರ್ಯಕರ್ತೆಗೆ ಎಷ್ಟು ವರ್ಷ ಸಂಬಳ ಕೊಡಬಹುದು ಎಂಬ ಲೆಕ್ಕವನ್ನು ಸಮಿತಿಯವರು ಒಮ್ಮೆ ಕಾಗದದ ಮೇಲೆ ಹಾಕಿ ನೋಡಲಿ ಎಂದು ವಿನಂತಿಸುತ್ತೇನೆ. ಕಮಾನಿನ ಕೆಳಗೆ ಜನರು ಹಾದುಹೋಗುತ್ತಾರೆ. ತೆರೆದ ಬಾಗಿಲಿನಲ್ಲಾದರೋ ಅವರು ಒಳಗೆ ಬಂದು ಕುಳಿತುಕೊಳ್ಳುತ್ತಾರೆ. ಹಿಂದೆ ಈ ಕಡೆಯ ಬಡವರಿಗಾಗಿ ಕಾಮಗೆರೆಯಲ್ಲಿ ಆಸ್ಪತ್ರೆ ತೆರೆದ ಹೋಲಿ ಕ್ರಾಸ್ ಭಗಿನಿಯರನ್ನು ಜನ ಇಂದಿಗೂ ನೆನೆಯುವುದು ಗೋಡೆಗಳಿಗಾಗಿ ಅಲ್ಲ, ನಡುರಾತ್ರಿಯಲ್ಲಿ ಕರೆದರೂ ಬಾಗಿಲು ತೆರೆಯುತ್ತಿತ್ತು ಎಂಬುದಕ್ಕಾಗಿ.

ಹಣ ಒಮ್ಮೆಲೇ ಸಾಕಷ್ಟು ಕೂಡದಿದ್ದರೆ ಚಿಕ್ಕದಾಗಿ ತೊಡಗೋಣ. ಮೊದಲ ಆರು ತಿಂಗಳು ನಾಲ್ಕರಿಂದ ಆರರವರೆಗೆ ಮಕ್ಕಳ ಓದು, ವಾರಕ್ಕೊಂದು ಸಂಜೆ ಅರ್ಜಿಯ ಮೇಜು, ಇಷ್ಟೇ ಇರಲಿ. ಇದು ನಿಂತ ಮೇಲೆ ಮಹಿಳೆಯರ ಸಂಘ, ಆಮೇಲೆ ವೃದ್ಧರ ಬೆಳಗು, ಕೊನೆಗೆ ಕೂಸುಗಳ ಪಾಲನೆ. ಕೂಸುಗಳ ಪಾಲನೆಯನ್ನು ಕೊನೆಗಿಟ್ಟಿರುವುದಕ್ಕೆ ಕಾರಣ ಅದು ಎಲ್ಲಕ್ಕಿಂತ ಹೆಚ್ಚಿನ ಹೊಣೆಯದೆಂಬುದು. ತರಬೇತಾದ ಕೈಗಳಿಲ್ಲದೆ ಅದಕ್ಕೆ ಇಳಿಯಬಾರದು. ವರ್ಷ ತುಂಬಿದಾಗ ವರದಿಯಲ್ಲಿ ಎಷ್ಟು ಸಭೆ ನಡೆದವು, ಯಾರು ಯಾರು ಭಾಷಣ ಮಾಡಿದರು ಎಂದು ಬರೆಯಬೇಡಿ. ಎಷ್ಟು ದಿನ ಬಾಗಿಲು ಹೇಳಿದ ಹೊತ್ತಿಗೆ ತೆರೆಯಿತು, ಎಷ್ಟು ಅರ್ಜಿಗಳು ಮಂಜೂರಾದವು, ಎಷ್ಟು ಮಕ್ಕಳು ಶಾಲೆ ಬಿಡದೆ ಉಳಿದರು, ಇದುವರೆಗೆ ಒಳಗೆ ಬಾರದಿದ್ದ ಎಷ್ಟು ತಾಯಂದಿರು ಹೊಸ್ತಿಲು ದಾಟಿದರು ಎಂಬ ನಾಲ್ಕು ಲೆಕ್ಕಗಳನ್ನು ಬರೆಯಿರಿ.

ಸಹೋದರ ಸಹೋದರಿಯರೇ, ನೂರು ವರ್ಷಗಳ ಹಿಂದಿನವರು ನಮಗಾಗಿ ಗೋಡೆ ಎಬ್ಬಿಸಿ ಸೂರು ಹೊದಿಸಿದರು. ಅವರ ಕಾಲಕ್ಕೆ ಬೇಕಾಗಿದ್ದುದು ಕಟ್ಟಡ. ನಮ್ಮ ಕಾಲಕ್ಕೆ ಬೇಕಾಗಿರುವುದು ಆ ಕಟ್ಟಡದೊಳಗೆ ಕಾದು ಕುಳಿತಿರುವ ಒಬ್ಬ ಮನುಷ್ಯ. ಮುಂದಿನ ವಾರವೇ ಸಮಿತಿ ಸೇರಿ, ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಅದು ಇನ್ನು ಮುಂದೆ ಯಾರ ಬಳಿ ಇರತಕ್ಕದ್ದು ಎಂಬುದೊಂದನ್ನು ಮೊದಲು ತೀರ್ಮಾನಿಸಬೇಕೆಂದು ಕೋರುತ್ತೇನೆ.